ಬಟನ್ ಒತ್ತಿದ ಮೇಲೆ ಕೈಯಲ್ಲಿ ಉಳಿಯುವ ಫೈಲ್ ಯಾವುದು?

ಮುಂಬೈಯ ಯಾವುದಾದರೂ ಉಡುಪಿ ಹೋಟೆಲಿನ ಆಫೀಸ್ ಕಂಪ್ಯೂಟರ್ ತೆರೆದು ಡಿ ಡ್ರೈವ್ ನೋಡಿ. 'ಸೇಲ್ಸ್', 'ಸೇಲ್ಸ್ ಹೊಸತು', 'ಸೇಲ್ಸ್ ಶೆಟ್ರಿಗೆ ಕಳಿಸಿದ್ದು', 'ಕಾಪಿ ಆಫ್ ಸೇಲ್ಸ್ ಹೊಸತು' ಅಂತ ಫೈಲುಗಳು ಸಾಲಾಗಿ ಕೂತಿರುತ್ತವೆ. ಇವುಗಳಲ್ಲಿ ಸರಿಯಾದ ಲೆಕ್ಕ ಯಾವುದರಲ್ಲಿದೆ ಅಂತ ಗೊತ್ತಿರುವುದು ಗಲ್ಲಾದಲ್ಲಿ ಕೂರುವ ಒಬ್ಬರಿಗೆ ಮಾತ್ರ. ಅವರು ನೇಮ, ಕೋಲ ಅಂತ ಊರಿಗೆ ಹೋದರೆ ಮುಗೀತು. ಇಲ್ಲಿ ಫೋನ್ ಮೇಲೆ ಫೋನ್.

ಈ ಗೊಂದಲಕ್ಕೆ ಎಕ್ಸೆಲ್ ಒಳಗೇ ಒಂದು ಮದ್ದಿದೆ. ದಿನಾ ರಾತ್ರಿ ಫೈಲ್ ಸೇವ್ ಮಾಡುವುದು, ಅದರ ಒಂದು ಪ್ರತಿ ತೆಗೆದಿಡುವುದು, ತಿಂಗಳ ಫೋಲ್ಡರಿಗೆ ಹಾಕುವುದು, ತಿಂಗಳ ಕೊನೆಗೆ ಸಿಎಗೆ ಬೇಕಾದ ಶೀಟ್ ಬೇರೆ ಮಾಡುವುದು, ಇಷ್ಟನ್ನೂ ಒಂದು ಬಟನ್‌ಗೆ ಒಪ್ಪಿಸಬಹುದು. ಆ ಬಟನ್ ಹಿಂದೆ ಇರುವುದೇ ಮ್ಯಾಕ್ರೊ. ಎಕ್ಸೆಲ್‌ಗೆ ಏನೇನು ಮಾಡಬೇಕು ಅಂತ ಸಾಲು ಸಾಲಾಗಿ ಬರೆದಿಟ್ಟ ಆಜ್ಞೆಗಳು. ಬರೆಯುವ ಭಾಷೆ ವಿಬಿಎ. 1993ರ ಎಕ್ಸೆಲ್ 5ರಿಂದ ಇದು ಎಕ್ಸೆಲ್ ಜೊತೆಗೇ ಬರುತ್ತಿದೆ. ಬೇರೆ ದುಡ್ಡು ಕೊಡಬೇಕಾಗಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಲ್‌ಗೆ ಬಣ್ಣ ಹಚ್ಚುವ ಮ್ಯಾಕ್ರೊ ತಪ್ಪಿದರೆ ಬಣ್ಣ ಕೆಡುತ್ತದೆ, ಅಷ್ಟೇ. ಫೈಲ್ ಸೇವ್ ಮಾಡುವ ಮ್ಯಾಕ್ರೊ ತಪ್ಪಿದರೆ ನಿನ್ನೆಯ ಲೆಕ್ಕದ ಮೇಲೆ ಇವತ್ತಿನದು ಕೂತುಬಿಡುತ್ತದೆ. ಡಿಸ್ಕ್ ಮೇಲೆ ಬರೆದದ್ದನ್ನು ಕಂಟ್ರೋಲ್ ಝಡ್ ಒತ್ತಿ ವಾಪಸ್ ತರುವ ಹಾಗಿಲ್ಲ. ಹಾಗಾಗಿ ಇಲ್ಲಿ ಪ್ರತಿ ಸಾಲು ಬರೆಯುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ಸಾಲು ಮುಗಿದ ಮೇಲೆ ನನ್ನ ಕೈಯಲ್ಲಿ ತೆರೆದಿರುವ ಫೈಲ್ ಯಾವುದು? ಮುಕ್ಕಾಲು ಪಾಲು ಎಡವಟ್ಟುಗಳು ಈ ಪ್ರಶ್ನೆ ಕೇಳದೇ ಇರುವುದರಿಂದಲೇ ಆಗುತ್ತವೆ.

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ನಡುವೆ ಜಾಗ ಬಿಡದೆ. ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿದರೆ ಎಡಿಟರ್ ತೆರೆಯುತ್ತದೆ. 'ದಿಸ್‌ವರ್ಕ್‌ಬುಕ್' (ಕೋಡ್ ಇರುವ ಫೈಲ್) ಅಂತ ಬರೆದು ಒಂದು ಚುಕ್ಕೆ ಇಟ್ಟರೆ ಅದಕ್ಕೆ ಗೊತ್ತಿರುವ ಎಲ್ಲ ಆಜ್ಞೆಗಳ ಪಟ್ಟಿ ತಾನೇ ಇಳಿದು ಬರುತ್ತದೆ. ಸ್ಪೆಲ್ಲಿಂಗ್ ಬಾಯಿಪಾಠ ಮಾಡುವ ಕಷ್ಟ ಇಲ್ಲ.

ರೆಕಾರ್ಡರ್ ಎಲ್ಲಿವರೆಗೆ ಸಾಕು

ಮ್ಯಾಕ್ರೊ ಬರೆಯಲು ಬಾರದವರು ಮೊದಲು ಹೋಗುವುದು ರೆಕಾರ್ಡರ್ ಹತ್ತಿರ. ವ್ಯೂ ಟ್ಯಾಬ್‌ನಲ್ಲಿ ಮ್ಯಾಕ್ರೊಸ್, ಅದರಡಿ ರೆಕಾರ್ಡ್ ಮ್ಯಾಕ್ರೊ. ಅದನ್ನು ಒತ್ತಿ ಮಾಮೂಲಿನಂತೆ ಸೇವ್ ಆ್ಯಸ್ ಮಾಡಿ, ನಿಲ್ಲಿಸಿ. ನೀವು ಮಾಡಿದ್ದನ್ನು ಎಕ್ಸೆಲ್ ಕೋಡ್ ಆಗಿ ಬರೆದಿಟ್ಟಿರುತ್ತದೆ. ಆಜ್ಞೆಯ ಹೆಸರು ಕಲಿಯಲು ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ.

ಆದರೆ ಅದೇ ಕೋಡನ್ನು ದಿನಾ ಓಡಿಸಿದರೆ ಕೆಲಸ ಕೆಟ್ಟಿತು. ರೆಕಾರ್ಡರ್ ನೀವು ಇವತ್ತು ಟೈಪ್ ಮಾಡಿದ ಹೆಸರನ್ನು ಇದ್ದ ಹಾಗೇ ಬರೆದಿರುತ್ತದೆ. ಇವತ್ತು 'ಸೇಲ್ಸ್ 5 ಏಪ್ರಿಲ್' ಅಂತ ಕೊಟ್ಟಿದ್ದರೆ ನಾಳೆ ಓಡಿಸಿದಾಗಲೂ ಅದೇ ಹೆಸರು, ಅದೇ ಫೋಲ್ಡರ್. ಪಕ್ಕದ ಬ್ರಾಂಚಿನ ಕಂಪ್ಯೂಟರಿಗೆ ಒಯ್ದರೆ ಆ ಫೋಲ್ಡರೇ ಇರುವುದಿಲ್ಲ. ದಿನದ ಪ್ರಕಾರ ಹೆಸರು ಬದಲಾಗಬೇಕು ಅನ್ನುವ ನಿಮ್ಮ ಉದ್ದೇಶ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಇನ್ನೊಂದು ವಿಷಯ, ಫೈಲಿನ ಬಾಲದ ಬಗ್ಗೆ, ಅಂದರೆ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳ ಬಗ್ಗೆ. 2007ರ ಎಕ್ಸೆಲ್‌ನಿಂದ ಮಾಮೂಲಿ ಫೈಲ್ ಎಕ್ಸ್‌ಎಲ್‌ಎಸ್‌ಎಕ್ಸ್. ಅದರಲ್ಲಿ ಮ್ಯಾಕ್ರೊ ಉಳಿಯುವುದೇ ಇಲ್ಲ. ಮ್ಯಾಕ್ರೊ ಇರುವ ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಬೇಕು. ಎಕ್ಸೆಲ್ ಒಮ್ಮೆ ಎಚ್ಚರಿಕೆ ಕೊಡುತ್ತದೆ. ಓದದೆ 'ಯೆಸ್' ಒತ್ತಿ ಫೈಲ್ ಮುಚ್ಚಿದರೆ, ಸಂಜೆಯೆಲ್ಲ ಕೂತು ಬರೆದ ಕೋಡ್ ಹೋಯ್ತು.

ಮೂರು ಸೇವ್, ಮೂರು ಬೇರೆ ಕೆಲಸ

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಬಿಎಯಲ್ಲಿ ಸೇವ್, ಸೇವ್‌ಆ್ಯಸ್, ಸೇವ್‌ಕಾಪಿಆ್ಯಸ್ ಅಂತ ಮೂರು ಆಜ್ಞೆಗಳಿವೆ. ಹೆಸರು ಅಕ್ಕತಂಗಿಯರ ಹಾಗೆ ಕಂಡರೂ ಗುಣ ಬೇರೆ ಬೇರೆ.

ಸೇವ್ ಸರಳ. ತೆರೆದಿರುವ ಫೈಲನ್ನು ಅದೇ ಹೆಸರಲ್ಲಿ, ಅದೇ ಜಾಗದಲ್ಲಿ ಉಳಿಸುತ್ತದೆ.

ಸೇವ್‌ಆ್ಯಸ್ ಹಾಗಲ್ಲ. ಅದು ಹೊಸ ಹೆಸರಲ್ಲಿ ಉಳಿಸಿ, ಆಮೇಲೆ ಆ ಹೊಸ ಫೈಲನ್ನೇ ನಿಮ್ಮ ಮುಂದೆ ಇಡುತ್ತದೆ. ಹಳೆಯದು ಸದ್ದಿಲ್ಲದೆ ಹಿಂದೆ ಉಳಿಯುತ್ತದೆ. ಒಂದು ರಾತ್ರಿಯ ಕೆಲಸ ನೋಡಿ. 'ಗಲ್ಲಾ' ಅನ್ನುವ ಫೈಲ್ ತೆರೆದಿದೆ. ಹನ್ನೊಂದು ಗಂಟೆಗೆ ಕ್ಯಾಷಿಯರ್ ಬ್ಯಾಕಪ್ ಬಟನ್ ಒತ್ತುತ್ತಾರೆ. ಒಳಗೆ ಸೇವ್‌ಆ್ಯಸ್ ಇದೆ. ಕಿಟಕಿಯ ನೆತ್ತಿ ಮೇಲಿನ ಹೆಸರು 'ಗಲ್ಲಾ ಬ್ಯಾಕಪ್' ಅಂತ ಬದಲಾಗುತ್ತದೆ. ಆ ಹೊತ್ತಿಗೆ ಅದನ್ನು ಯಾರು ನೋಡುತ್ತಾರೆ? ಆಮೇಲೆ ಕೊನೆಯ ಎರಡು ಪಾರ್ಸೆಲ್ ಬಿಲ್, ಹಾಲಿನವನಿಗೆ ಕೊಟ್ಟ ದುಡ್ಡು ಬರೆದು ಸೇವ್ ಒತ್ತಿ ಮನೆಗೆ ಹೋಗುತ್ತಾರೆ. ಬರೆದದ್ದೆಲ್ಲ ಬ್ಯಾಕಪ್‌ನೊಳಗೆ ಹೋಯಿತು. ಬೆಳಿಗ್ಗೆ ಇನ್ನೊಬ್ಬರು ಬಂದು ಮೂಲ 'ಗಲ್ಲಾ' ತೆರೆಯುತ್ತಾರೆ. ಲೆಕ್ಕ ತಾಳೆ ಆಗುವುದಿಲ್ಲ. ಯಾರ ಮೇಲೋ ಸಂಶಯ ಬರುತ್ತದೆ. ಕದ್ದವರು ಯಾರೂ ಇಲ್ಲ, ತಪ್ಪು ಆಜ್ಞೆ ಇತ್ತು ಅಷ್ಟೇ.

ಬ್ಯಾಕಪ್‌ಗೆ ಬೇಕಾದದ್ದು ಸೇವ್‌ಕಾಪಿಆ್ಯಸ್. ಒಂದು ಜೆರಾಕ್ಸ್ ತೆಗೆದು ಕಪಾಟಿನಲ್ಲಿ ಇಟ್ಟ ಹಾಗೆ. ಮೂಲ ನಿಮ್ಮ ಕೈಯಲ್ಲೇ ಇರುತ್ತದೆ, ಕೆಲಸ ಮುಂದುವರಿಸಬಹುದು. ಕಿಟಕಿಯ ಮೇಲಿನ ಹೆಸರು ಬದಲಾಗುವುದಿಲ್ಲ.

ಆದರೆ ಇದಕ್ಕೂ ಮೂರು ಹಟಗಳಿವೆ. ಮೊದಲನೆಯದು, ಇದು ಫೈಲಿನ ಬಗೆ ಬದಲಿಸುವುದಿಲ್ಲ. ಮೂಲ ಎಕ್ಸ್‌ಎಲ್‌ಎಸ್‌ಎಂ ಆಗಿದ್ದರೆ ಪ್ರತಿಯೂ ಅದೇ. ಹೆಸರಿನ ಬಾಲದಲ್ಲಿ ಸುಮ್ನೆ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಕೊಟ್ಟರೆ ಫೈಲ್ ಹುಟ್ಟುತ್ತದೆ, ತೆರೆಯಲು ಹೋದಾಗ ಎಕ್ಸೆಲ್ ಒಪ್ಪುವುದಿಲ್ಲ. ಬ್ಯಾಕಪ್ ಬೇಕಾದ ದಿನವೇ ಇದು ಗೊತ್ತಾಗುವುದು ದೊಡ್ಡ ಸಂಕಟ. ಎರಡನೆಯದು, ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಅದು ಕೇಳುವುದಿಲ್ಲ, ಹೇಳುವುದಿಲ್ಲ, ಅದರ ಮೇಲೇ ಬರೆದುಬಿಡುತ್ತದೆ. ಮೂರನೆಯದು ಸ್ವಲ್ಪ ಸೂಕ್ಷ್ಮ. ನೀವು ಇನ್ನೂ ಸೇವ್ ಮಾಡದ ಬದಲಾವಣೆಗಳೂ ಪ್ರತಿಯೊಳಗೆ ಹೋಗುತ್ತವೆ, ಆದರೆ ಮೂಲ ಫೈಲ್ ಡಿಸ್ಕ್ ಮೇಲೆ ಹಳೆಯದೇ ಆಗಿರುತ್ತದೆ. ಕರೆಂಟ್ ಹೋದರೆ ಪ್ರತಿ ಹೊಸತು, ಮೂಲ ಹಳತು. ಆದ್ದರಿಂದ ಮೊದಲು ಸೇವ್, ಆಮೇಲೆ ಸೇವ್‌ಕಾಪಿಆ್ಯಸ್. ಈ ಎರಡು ಸಾಲು ಯಾವಾಗಲೂ ಜೋಡಿಯಾಗಿರಲಿ.

ನಾಲ್ಕನೆಯ ಆಜ್ಞೆ ಒಂದಿದೆ, ಫೈಲ್‌ಕಾಪಿ. ಇದು ಎಕ್ಸೆಲ್‌ಗೆ ಸಂಬಂಧಪಟ್ಟದ್ದಲ್ಲ. ಡಿಸ್ಕ್ ಮೇಲಿರುವ ಯಾವುದೇ ಫೈಲನ್ನು, ಪಿಡಿಎಫ್ ಇರಲಿ ಫೋಟೊ ಇರಲಿ, ಇನ್ನೊಂದು ಕಡೆಗೆ ನಕಲು ಮಾಡುತ್ತದೆ. ಮುಚ್ಚಿರುವ ಫೈಲಿಗೆ ಮಾತ್ರ. ತೆರೆದಿರುವ ಫೈಲಿನ ಮೇಲೆ ಓಡಿಸಿದರೆ 70 ನಂಬರಿನ ದೋಷ ಬರುತ್ತದೆ, ಅನುಮತಿ ಇಲ್ಲ ಅಂತ. ಅನುಮತಿ ಅಂದ ಕೂಡಲೇ ಜನ ವಿಂಡೋಸ್ ಸೆಟ್ಟಿಂಗ್ ಕೆದಕುತ್ತಾ ಕೂರುತ್ತಾರೆ. ಫೈಲ್ ಮುಚ್ಚಿದರೆ ಸಾಕು.

ಹೆಸರಿನಲ್ಲಿ ತಾರೀಕು

ಪ್ರತಿಗಳು ಒಂದರ ಮೇಲೊಂದು ಬೀಳಬಾರದು ಅಂದರೆ ಹೆಸರಿನಲ್ಲಿ ತಾರೀಕು ಇರಬೇಕು. ಇಲ್ಲಿ ಎರಡು ಗುಂಡಿಗಳಿವೆ.

ನಾವು ತಾರೀಕು ಬರೆಯುವುದು 5/4/2025 ಅಂತ. ವಿಂಡೋಸ್ ಫೈಲ್ ಹೆಸರಿನಲ್ಲಿ ಓರೆಗೆರೆ ಒಪ್ಪುವುದಿಲ್ಲ. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಇವಕ್ಕೂ ಜಾಗ ಇಲ್ಲ. ಹಾಗಾಗಿ 11:30 ಅಂತ ಸಮಯವನ್ನೂ ನೇರ ಹಾಕುವ ಹಾಗಿಲ್ಲ. ಕೋಡ್‌ನಲ್ಲಿ ಸುಮ್ನೆ 'ಡೇಟ್' ಅಂತ ಬರೆದರೆ ಅದು ಆ ಕಂಪ್ಯೂಟರಿನ ಸೆಟ್ಟಿಂಗ್ ಪ್ರಕಾರ ಬರುತ್ತದೆ. ಒಂದು ಮೆಷಿನ್‌ನಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ಓರೆಗೆರೆ. ಹಾಗಾಗಿ 'ಫಾರ್ಮ್ಯಾಟ್' ಅನ್ನುವ ಆಜ್ಞೆಯಿಂದ ರೂಪ ನೀವೇ ನಿಗದಿ ಮಾಡಿ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ: 2025-04-05. ಹೀಗೆ ಬರೆದರೆ ಫೋಲ್ಡರ್‌ನಲ್ಲಿ ಹೆಸರಿನ ಪ್ರಕಾರ ಜೋಡಿಸಿದಾಗ ದಿನಗಳೂ ತಾವಾಗೇ ಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಹಾಕಿದರೆ ಏಪ್ರಿಲ್ ಒಂದು, ಮೇ ಒಂದು, ಜೂನ್ ಒಂದು ಒಟ್ಟಿಗೆ ಬಂದು ಕೂರುತ್ತವೆ. ಸಮಯ ಸೇರಿಸುವಾಗ ನಿಮಿಷಕ್ಕೆ ಎನ್ ಅಕ್ಷರ ಎರಡು ಸಲ ಬರೆಯಿರಿ. ಎಂ ಅಕ್ಷರ ಬರೆದರೆ ಅದು ತಿಂಗಳೋ ನಿಮಿಷವೋ ಅಂತ ಅಕ್ಕಪಕ್ಕ ನೋಡಿ ತೀರ್ಮಾನ ಮಾಡುತ್ತದೆ. ಆ ಊಹೆಗೆ ಬಿಡುವುದು ಬೇಡ.

ಎರಡನೇ ಗುಂಡಿ ಹೋಟೆಲಿನವರಿಗೇ ವಿಶೇಷ. ಗಲ್ಲಾ ಮುಚ್ಚುವುದು ಎಷ್ಟೋ ಸಲ ರಾತ್ರಿ ಹನ್ನೆರಡೂವರೆಗೆ. ಕಂಪ್ಯೂಟರ್ ಪ್ರಕಾರ ಆಗ ನಾಳೆ ಶುರುವಾಗಿರುತ್ತದೆ. ಶನಿವಾರದ ವ್ಯಾಪಾರ ಭಾನುವಾರದ ಹೆಸರಲ್ಲಿ ಕೂರುತ್ತದೆ. ಭಾನುವಾರ ರಾತ್ರಿ ಸ್ವಲ್ಪ ಬೇಗ, ಹನ್ನೊಂದೂಮುಕ್ಕಾಲಿಗೆ ಮುಚ್ಚಿದರೆ ಅದೂ ಭಾನುವಾರದ ಹೆಸರೇ. ಶನಿವಾರದ ಪ್ರತಿ ಅಳಿಸಿಹೋಯಿತು. ಇದಕ್ಕೆ ಉಪಾಯ ಇದೆ. ವಿಬಿಎಗೆ ಒಂದು ದಿನ ಅಂದರೆ 1 ಅನ್ನುವ ಸಂಖ್ಯೆ, ಒಂದು ಗಂಟೆ ಅಂದರೆ ಅದರ 24ನೇ ಒಂದು ಪಾಲು. ಈಗಿನ ಸಮಯದಿಂದ 24ರಲ್ಲಿ 4 ಪಾಲು ಕಳೆದರೆ ಬೆಳಗಿನ ಜಾವ ನಾಲ್ಕರವರೆಗೂ ಹಿಂದಿನ ದಿನವೇ ಲೆಕ್ಕ. ಇನ್ನೂ ಒಳ್ಳೆಯ ದಾರಿ ಅಂದರೆ ಗಡಿಯಾರವನ್ನೇ ಕೇಳದಿರುವುದು. ಶೀಟಿನ ಮೇಲೆ ವ್ಯಾಪಾರದ ತಾರೀಕು ಬರೆದಿರುತ್ತೀರಲ್ವಾ, ಆ ಸೆಲ್‌ನಿಂದಲೇ ಹೆಸರು ತಗೊಳ್ಳಿ. ನನಗೆ ಇದೇ ಇಷ್ಟ. ಕ್ಯಾಷಿಯರ್ ಮರುದಿನ ಬೆಳಿಗ್ಗೆ ಬಂದು ಬಟನ್ ಒತ್ತಿದರೂ ಹೆಸರು ತಪ್ಪುವುದಿಲ್ಲ.

ಫೋಲ್ಡರಿಗೆ ವರ್ಷ ಅಂದರೆ ಹಣಕಾಸು ವರ್ಷ, ಏಪ್ರಿಲ್‌ನಿಂದ ಮಾರ್ಚ್. ತಿಂಗಳ ಸಂಖ್ಯೆ 4ಕ್ಕಿಂತ ಕಡಿಮೆ ಇದ್ದರೆ ಹಿಂದಿನ ವರ್ಷದಿಂದ ಹಿಡಿ, ಇಲ್ಲದಿದ್ದರೆ ಈ ವರ್ಷದಿಂದ. 2026ರ ಫೆಬ್ರವರಿಯ ಫೈಲ್ '2025-26' ಫೋಲ್ಡರಿಗೇ ಹೋಗಬೇಕು. ಒಂದೇ ಸಾಲಿನ ಷರತ್ತು. ಇದನ್ನು ಮರೆತರೆ ಜನವರಿ ಬಂದಾಗ ಸಿಎ ಆಫೀಸಿನಿಂದ ಫೋನ್ ಬರುತ್ತದೆ.

ಫೋಲ್ಡರ್ ಹುಟ್ಟಿಸುವುದು, ಫೈಲ್ ಸಾಗಿಸುವುದು

ಮ್ಯಾಕ್ರೊ ಫೈಲನ್ನು ಇಡಲು ಹೋದಾಗ ಫೋಲ್ಡರ್ ಇಲ್ಲದಿದ್ದರೆ ನಿಂತುಬಿಡುತ್ತದೆ. ತಿಂಗಳ ಒಂದನೇ ತಾರೀಕು ಬಟನ್ ಕೆಲಸ ಮಾಡುವುದಿಲ್ಲ ಅನ್ನುವ ದೂರು ಬಂದರೆ ಕಾರಣ ಬಹುಮಟ್ಟಿಗೆ ಇದೇ. 'ಡಿರ್' ಅನ್ನುವ ಆಜ್ಞೆಗೆ ಫೋಲ್ಡರಿನ ದಾರಿ ಕೊಟ್ಟು, ಫೋಲ್ಡರ್ ಹುಡುಕು ಅಂತ ಸೂಚಿಸಿದರೆ, ಇದ್ದರೆ ಹೆಸರು ಕೊಡುತ್ತದೆ, ಇಲ್ಲದಿದ್ದರೆ ಖಾಲಿ. ಖಾಲಿ ಬಂದರೆ 'ಎಂಕೆಡಿರ್' ಆಜ್ಞೆಯಿಂದ ಹುಟ್ಟಿಸಿ.

ಎಂಕೆಡಿರ್ ಒಂದು ಸಲಕ್ಕೆ ಒಂದು ಮೆಟ್ಟಿಲು ಮಾತ್ರ ಕಟ್ಟುತ್ತದೆ. '2025-26' ಫೋಲ್ಡರೇ ಇಲ್ಲದಿದ್ದಾಗ ಅದರೊಳಗೆ '04 ಏಪ್ರಿಲ್' ಮಾಡು ಅಂದರೆ 76 ನಂಬರಿನ ದೋಷ, ದಾರಿ ಸಿಗಲಿಲ್ಲ ಅಂತ. ಮೊದಲೇ ಇರುವ ಫೋಲ್ಡರನ್ನು ಮತ್ತೆ ಮಾಡು ಅಂದರೆ 75. ಹಾಗಾಗಿ ಪ್ರತಿ ಹಂತಕ್ಕೂ ಇದೆಯಾ ನೋಡು, ಇಲ್ಲದಿದ್ದರೆ ಮಾಡು ಅಂತ ಎರಡು ಸಲ ಬರೆಯಬೇಕು. ತಿಂಗಳ ಹೆಸರಿನ ಮುಂದೆ 04, 05 ಅಂತ ಸಂಖ್ಯೆ ಹಾಕುವುದು ಕ್ರಮಕ್ಕೆ. ಇಲ್ಲದಿದ್ದರೆ ಅಕ್ಷರದ ಪ್ರಕಾರ ಎಲ್ಲ ಕಲಸಿಹೋಗುತ್ತವೆ.

ಡಿರ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಒಂದು ಫೋಲ್ಡರಿನ ಎಲ್ಲ ಎಕ್ಸೆಲ್ ಫೈಲುಗಳನ್ನು ಒಂದೊಂದಾಗಿ ಎತ್ತಿ ನೋಡಲು. ತಿಂಗಳ ಮೂವತ್ತು ದಿನದ ಫೈಲುಗಳಿಂದ ಒಟ್ಟು ಮೊತ್ತ ಮಾತ್ರ ತೆಗೆದು ಒಂದೇ ಶೀಟಿಗೆ ತರಬೇಕು ಅಂದುಕೊಳ್ಳಿ. ಡಿರ್ ಮೊದಲ ಹೆಸರು ಕೊಡುತ್ತದೆ. ಅದನ್ನು ಓದಲು ಮಾತ್ರ ತೆರೆ, ಮೊತ್ತ ತಗೊ, ಸೇವ್ ಮಾಡದೆ ಮುಚ್ಚು. ಮತ್ತೆ ಆವರಣದೊಳಗೆ ಏನೂ ಕೊಡದೆ ಡಿರ್ ಕರೆ, ಮುಂದಿನ ಹೆಸರು ಬರುತ್ತದೆ. ಖಾಲಿ ಬರುವವರೆಗೆ ಹೀಗೇ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಡಿರ್ ಕೊಡುವುದು ಬರೀ ಹೆಸರು, ದಾರಿಯಲ್ಲ. ಫೈಲ್ ತೆರೆಯುವಾಗ ಫೋಲ್ಡರಿನ ದಾರಿಯನ್ನು ನೀವೇ ಮುಂದೆ ಸೇರಿಸಬೇಕು. ಇನ್ನೊಂದು, ಈ ಸುತ್ತು ನಡೆಯುತ್ತಿರುವಾಗ ಮಧ್ಯೆ ಬೇರೆ ಯಾವುದೋ ಫೈಲ್ ಇದೆಯಾ ಅಂತ ಡಿರ್ ಕೇಳಿದರೆ ಅದು ಮೊದಲಿನ ಹುಡುಕಾಟವನ್ನೇ ಮರೆತುಬಿಡುತ್ತದೆ. ಅದಕ್ಕೆ ನೆನಪಿರುವುದು ಒಂದೇ ಹುಡುಕಾಟ.

ಹಳೆಯ ಫೈಲುಗಳನ್ನು ಬೇರೆ ಫೋಲ್ಡರಿಗೆ ಸಾಗಿಸಲು 'ನೇಮ್' ಅನ್ನುವ ಆಜ್ಞೆ. ಹಳೆಯ ದಾರಿ, ಹೊಸ ದಾರಿ ಎರಡನ್ನೂ ಕೊಟ್ಟರೆ ಹೆಸರೂ ಬದಲಾಗುತ್ತದೆ, ಜಾಗವೂ ಬದಲಾಗುತ್ತದೆ. ಅಲ್ಲಿ ಅದೇ ಹೆಸರಿನ ಫೈಲ್ ಇದ್ದರೆ 58 ನಂಬರಿನ ದೋಷ ಕೊಟ್ಟು ನಿಲ್ಲುತ್ತದೆ. ಮೇಲೆ ಬರೆಯುವುದಿಲ್ಲ. ಇಡೀ ಗುಂಪಿನಲ್ಲಿ ಮರ್ಯಾದಸ್ಥ ಆಜ್ಞೆ ಇದೊಂದೇ ಅನ್ನಬೇಕು.

ಅಳಿಸುವ ಆಜ್ಞೆಯ ಹೆಸರು 'ಕಿಲ್'. ಹೆಸರಿಗೆ ತಕ್ಕ ಗುಣ. ಇದರಿಂದ ಅಳಿಸಿದ ಫೈಲ್ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ನಕ್ಷತ್ರ ಚಿಹ್ನೆ ಕೊಟ್ಟರೆ ಒಂದೇ ಏಟಿಗೆ ಫೋಲ್ಡರಿನ ಎಲ್ಲ ಫೈಲುಗಳನ್ನೂ ಅಳಿಸುತ್ತದೆ. ಸಣ್ಣ ಆಫೀಸಿನ ಮ್ಯಾಕ್ರೊದಲ್ಲಿ ಕಿಲ್ ಇರಲೇಬಾರದು ಅನ್ನುವುದು ನನ್ನ ಹಟ. 'ಹಳೆಯದು' ಅಂತ ಒಂದು ಫೋಲ್ಡರ್ ಮಾಡಿ ನೇಮ್‌ನಿಂದ ಅಲ್ಲಿಗೆ ಸಾಗಿಸಿ. ವರ್ಷಕ್ಕೊಮ್ಮೆ ಕಣ್ಣಿಂದ ನೋಡಿ ಕೈಯಿಂದ ಅಳಿಸಿದರಾಯ್ತು. ದಿನದ ಗಲ್ಲಾ ಫೈಲುಗಳು ಎಷ್ಟೇ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಮದುವೆ ವಿಡಿಯೋದಷ್ಟು ಜಾಗ ತಿನ್ನುವುದು ಕಷ್ಟ.

ಒಂದೇ ಶೀಟ್ ಬೇರೆ ಮಾಡಿ ಕಳಿಸುವುದು

ಜಿಎಸ್‌ಟಿಗೆ ತಿಂಗಳ 11 ಮತ್ತು 20, ಎರಡು ತಾರೀಕು ತಲೆ ಮೇಲೆ ಕೂತಿರುತ್ತವೆ. ಸಿಎಗೆ ಸೇಲ್ಸ್ ಶೀಟ್ ಬೇಕು. ಸಂಬಳದ ಶೀಟ್, ಪಾಲುದಾರರ ಶೀಟ್ ಅವರಿಗೆ ಹೋಗುವುದು ಬೇಡ. ಶೀಟಿಗೆ 'ಕಾಪಿ' ಆಜ್ಞೆ ಕೊಟ್ಟು, ಎಲ್ಲಿಗೆ ಅಂತ ಹೇಳದೇ ಬಿಟ್ಟರೆ, ಎಕ್ಸೆಲ್ ಹೊಸ ಫೈಲ್ ಹುಟ್ಟಿಸಿ ಆ ಶೀಟನ್ನು ಅದರೊಳಗೆ ಹಾಕುತ್ತದೆ.

ಮತ್ತೆ ಅದೇ ಪ್ರಶ್ನೆ. ಈಗ ಕೈಯಲ್ಲಿರುವ ಫೈಲ್ ಯಾವುದು? ಹೊಸದು. 'ಆ್ಯಕ್ಟಿವ್‌ವರ್ಕ್‌ಬುಕ್' ಅಂದರೆ ಆ ಕ್ಷಣ ಮುಂದೆ ಕಾಣುತ್ತಿರುವ ಫೈಲ್. 'ದಿಸ್‌ವರ್ಕ್‌ಬುಕ್' ಅಂದರೆ ಕೋಡ್ ಯಾವ ಫೈಲಿನಲ್ಲಿದೆಯೋ ಆ ಫೈಲ್. ಕಾಪಿ ಮಾಡುವ ಮೊದಲು ಎರಡೂ ಒಂದೇ ಆಗಿದ್ದವು. ಮಾಡಿದ ಮೇಲೆ ಬೇರೆ ಬೇರೆ. ಹೊಸ ಫೈಲ್ ಮುಚ್ಚಬೇಕಾದ ಕಡೆ ದಿಸ್‌ವರ್ಕ್‌ಬುಕ್ ಮುಚ್ಚು ಅಂತ ಬರೆದರೆ ಮೂಲ ಫೈಲೇ ಮುಚ್ಚಿ ಮ್ಯಾಕ್ರೊ ಅರ್ಧದಲ್ಲೇ ಸಾಯುತ್ತದೆ. ಕಾಪಿ ಆದ ಮರು ಸಾಲಿನಲ್ಲೇ ಹೊಸ ಫೈಲಿಗೆ ಒಂದು ಸ್ವಂತ ಹೆಸರು ಕೊಟ್ಟುಬಿಡಿ. ವಿಬಿಎಯಲ್ಲಿ ಅದಕ್ಕೆ 'ಸೆಟ್' ಅನ್ನುವ ಪದ ಇದೆ. ಆಮೇಲೆ ಎಲ್ಲ ಆಜ್ಞೆಯನ್ನೂ ಆ ಹೆಸರಿನಿಂದಲೇ ಕೊಡಿ. ಮುಂದೆ ಯಾವ ಕಿಟಕಿ ಕಂಡರೂ ಚಿಂತೆ ಇಲ್ಲ.

ಬೇರೆ ಮಾಡಿದ ಶೀಟಿನಲ್ಲಿ ಉಳಿದ ಶೀಟುಗಳಿಂದ ಅಂಕಿ ತರುವ ಸೂತ್ರಗಳಿದ್ದರೆ ಅವು ಇನ್ನೂ ಮೂಲ ಫೈಲಿನ ಕಡೆಗೇ ಕೈ ತೋರಿಸುತ್ತಿರುತ್ತವೆ. ಸಿಎ ತೆರೆದ ಕೂಡಲೇ ಲಿಂಕ್ ಅಪ್‌ಡೇಟ್ ಮಾಡಲೇ ಅಂತ ಎಕ್ಸೆಲ್ ಕೇಳುತ್ತದೆ. ಆದ್ದರಿಂದ ಸೇವ್ ಮಾಡುವ ಮೊದಲು ಸೂತ್ರದ ಜಾಗದಲ್ಲಿ ಬರೀ ಮೌಲ್ಯ ಉಳಿಯುವಂತೆ ಮಾಡಬೇಕು. ಆಮೇಲೆ ಸೇವ್‌ಆ್ಯಸ್, ಫೈಲಿನ ಬಗೆಯ ಸಂಖ್ಯೆ 51. ಅದು ಎಕ್ಸ್‌ಎಲ್‌ಎಸ್‌ಎಕ್ಸ್. ಮ್ಯಾಕ್ರೊ ಇರುವ ಎಕ್ಸ್‌ಎಲ್‌ಎಸ್‌ಎಂಗೆ 52. ಹಳೆಯ ಎಕ್ಸ್‌ಎಲ್‌ಎಸ್‌ಗೆ 56. ಹೆಸರಿನ ಬಾಲಕ್ಕೂ ಈ ಸಂಖ್ಯೆಗೂ ಹೊಂದಿಕೆ ಇರಲೇಬೇಕು.

ಹೌಸಿಂಗ್ ಸೊಸೈಟಿಯ ಲೆಕ್ಕ ನೋಡುವವರಿಗೆ ಇದರದ್ದೇ ಇನ್ನೊಂದು ರೂಪ ಉಪಯೋಗಕ್ಕೆ ಬರುತ್ತದೆ. ಡೊಂಬಿವಿಲಿ, ಠಾಣೆ ಕಡೆ ನಮ್ಮವರು ಎಷ್ಟೋ ಸೊಸೈಟಿಗಳಲ್ಲಿ ಸೆಕ್ರೆಟರಿ, ಟ್ರೆಷರರ್ ಆಗಿದ್ದಾರೆ. ಸಂಬಳ ಇಲ್ಲದ ಕೆಲಸ, ಬೈಗುಳ ಮಾತ್ರ ಜಾಸ್ತಿ. ಪ್ರತಿ ಫ್ಲ್ಯಾಟಿಗೆ ಮೆಂಟೆನೆನ್ಸ್ ಬಿಲ್ಲಿನ ಪಿಡಿಎಫ್ ಮಾಡಲು 'ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್ಡ್‌ಫಾರ್ಮ್ಯಾಟ್' ಅನ್ನುವ ಉದ್ದ ಹೆಸರಿನ ಆಜ್ಞೆ ಇದೆ. ಬಿಲ್ಲಿನ ಶೀಟ್ ಒಂದೇ ಸಾಕು. ಫ್ಲ್ಯಾಟ್ ನಂಬರಿನ ಸೆಲ್ ಬದಲಿಸು, ಪಿಡಿಎಫ್ ಮಾಡು, ಮುಂದಿನ ನಂಬರ್. ಆದರೆ ಮುಂಬೈಯಲ್ಲಿ ಫ್ಲ್ಯಾಟ್ ಬರೆಯುವುದು 'ಎ/203' ಅಂತ. ಆ ಓರೆಗೆರೆ ಮತ್ತೆ ಬಂತು ನೋಡಿ. ಅದು ಹೆಸರಿಗೆ ಸೇರಿದರೆ ಫೈಲ್ ಹುಟ್ಟುವುದೇ ಇಲ್ಲ. 'ರಿಪ್ಲೇಸ್' ಆಜ್ಞೆಯಿಂದ ಅದನ್ನು ಅಡ್ಡಗೆರೆಗೆ ಬದಲಿಸಿ, 'ಎ-203' ಮಾಡಿ ಮುಂದೆ ಹೋಗಿ.

ಬಾಯಿ ಮುಚ್ಚಿಸುವ ಎರಡು ಸಾಲುಗಳು

'ಡಿಸ್‌ಪ್ಲೇಅಲರ್ಟ್ಸ್' ಫಾಲ್ಸ್ ಅಂತ ಬರೆದರೆ ಎಕ್ಸೆಲ್ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ. ಅದೇ ಹೆಸರಿನ ಫೈಲ್ ಇದೆ, ಮೇಲೆ ಬರೆಯಲೇ ಅನ್ನುವ ಪ್ರಶ್ನೆಗೆ ತಾನೇ ಹೌದು ಅಂದುಕೊಳ್ಳುತ್ತದೆ. ಅವಸರದವರಿಗೆ ಇದು ಬಲು ಇಷ್ಟ. ಬೇಕೇ ಬೇಕಾದರೆ ಒಂದು ಸಾಲಿನ ಮುಂಚೆ ಹಾಕಿ, ಮರು ಸಾಲಿನಲ್ಲಿ ಮತ್ತೆ ಟ್ರೂ ಮಾಡಿ. ಅದಕ್ಕಿಂತ ಮೊದಲು ಡಿರ್ ಕೇಳಿ ನೋಡುವುದು ಸರಿಯಾದ ದಾರಿ.

ಇನ್ನೊಂದು 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ದೋಷ ಬಂದರೂ ಬಿಟ್ಟು ಮುಂದೆ ಹೋಗು ಅಂತ ಅರ್ಥ. ಪೆನ್‌ಡ್ರೈವ್ ಹಾಕಿರುವುದಿಲ್ಲ, ಕಾಪಿ ಆಗಿರುವುದಿಲ್ಲ, ಆದರೂ ಕೊನೆಯ ಸಾಲು ಬಂದು 'ಬ್ಯಾಕಪ್ ಆಯ್ತು' ಅಂತ ನಗುನಗುತ್ತಾ ಹೇಳುತ್ತದೆ. ಬ್ಯಾಕಪ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಅಂದರೆ ಇದೆ ಅಂದುಕೊಂಡಿರುವುದು. ಆ ಸಂದೇಶ ತೋರಿಸುವ ಮೊದಲು ಹೊಸ ಫೈಲ್ ಅಲ್ಲಿದೆಯಾ ಅಂತ ಡಿರ್‌ನಿಂದಲೂ, ಅದರ ಗಾತ್ರ ಸೊನ್ನೆಯಲ್ಲ ಅಂತ 'ಫೈಲ್‌ಲೆನ್' ಆಜ್ಞೆಯಿಂದಲೂ ನೋಡಿಕೊಳ್ಳಿ.

ಕನ್ನಡದ ಹೆಸರು ಇಟ್ಟರೆ

ಇದು ನಮಗೇ ಇರುವ ತೊಂದರೆ, ಮರಾಠಿಯವರಿಗೂ ಇದೆ. ವಿಬಿಎ ಎಡಿಟರ್ ಹಳೆಯ ಕಾಲದ್ದು. ಅದಕ್ಕೆ ಯುನಿಕೋಡ್ ಬರುವುದಿಲ್ಲ. ಕೋಡ್ ಒಳಗೆ 'ಗಲ್ಲಾ' ಅಂತ ಕನ್ನಡದಲ್ಲಿ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಆ ಚಿಹ್ನೆ ಫೈಲ್ ಹೆಸರಿಗೆ ನಿಷಿದ್ಧ. ಡಿರ್ ಆಜ್ಞೆಯಲ್ಲಂತೂ ಅದಕ್ಕೆ 'ಯಾವುದೋ ಒಂದು ಅಕ್ಷರ' ಅಂತ ಬೇರೆಯೇ ಅರ್ಥ.

ದಾರಿ ಇಲ್ಲದಿಲ್ಲ. ಕನ್ನಡ ಹೆಸರನ್ನು ಕೋಡ್‌ನಲ್ಲಿ ಬರೆಯದೆ ಶೀಟಿನ ಒಂದು ಸೆಲ್‌ನಲ್ಲಿ ಬರೆದಿಡಿ. ಕೋಡ್ ಅಲ್ಲಿಂದ ಓದಿಕೊಳ್ಳಲಿ. ಸೇವ್‌ಆ್ಯಸ್ ಎಕ್ಸೆಲ್‌ನ ಸ್ವಂತ ಆಜ್ಞೆ. ಹಾಗಾಗಿ ಕನ್ನಡ ಹೆಸರನ್ನು ಸರಿಯಾಗಿ ಬರೆಯುತ್ತದೆ. ಆದರೆ ಡಿರ್, ಎಂಕೆಡಿರ್, ಫೈಲ್‌ಕಾಪಿ, ನೇಮ್ ಇವು ವಿಬಿಎಯ ಹಳೆಯ ಆಜ್ಞೆಗಳು, ಕನ್ನಡ ಹೆಸರಿನ ಮುಂದೆ ಇವನ್ನು ನಂಬುವ ಹಾಗಿಲ್ಲ. ಅಲ್ಲಿ 'ಫೈಲ್‌ಸಿಸ್ಟಮ್‌ಆಬ್ಜೆಕ್ಟ್' ಬಳಸಬೇಕು. ವಿಂಡೋಸ್ ಜೊತೆಗೇ ಬರುವ ಈ ಸಾಧನಕ್ಕೆ ಫೋಲ್ಡರ್ ಇದೆಯಾ ನೋಡುವುದು, ಮಾಡುವುದು, ಫೈಲ್ ನಕಲಿಸುವುದು, ಸಾಗಿಸುವುದು ಎಲ್ಲ ಗೊತ್ತು, ಯುನಿಕೋಡ್ ಸಹಿತ. ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ಇದು ಸಿಗುವುದಿಲ್ಲ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಫೈಲ್ ಹೆಸರು ಇಂಗ್ಲಿಷ್‌ನಲ್ಲಿರಲಿ, ಶೀಟಿನ ಒಳಗೆ ಕನ್ನಡ ಇರಲಿ. ಹೆಚ್ಚಿನವರು ಮಾಡುವುದು ಅದನ್ನೇ.

ಎಲ್ಲಿ ಇಡಬೇಕು, ಯಾರನ್ನು ನಂಬಬೇಕು

ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ 'ದಿಸ್‌ವರ್ಕ್‌ಬುಕ್ ಪಾತ್' ನಿಮಗೆ ಡಿ ಡ್ರೈವಿನಂಥ ದಾರಿ ಕೊಡದೆ ಇಂಟರ್‌ನೆಟ್ ವಿಳಾಸ ಕೊಡಬಹುದು. ಆಗ ಡಿರ್, ಎಂಕೆಡಿರ್ ಎರಡೂ ಕೈ ಚೆಲ್ಲುತ್ತವೆ. ಬ್ಯಾಕಪ್ ಫೋಲ್ಡರಿನ ದಾರಿಯನ್ನು ಒಂದು ಸೆಲ್‌ನಲ್ಲಿ ಬರೆದಿಟ್ಟು ಅಲ್ಲಿಂದ ಓದಿಸುವುದು ಸುಲಭ. ಕಂಪ್ಯೂಟರ್ ಬದಲಾದರೆ ಸೆಲ್ ತಿದ್ದಿದರಾಯ್ತು, ಕೋಡ್ ಮುಟ್ಟಬೇಕಿಲ್ಲ.

ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬಂದ ಮ್ಯಾಕ್ರೊ ಫೈಲ್ ತೆರೆದರೆ ಕೆಂಪು ಪಟ್ಟಿ ಬಂದು ಮ್ಯಾಕ್ರೊ ಓಡುವುದೇ ಇಲ್ಲ ಅನ್ನುವ ಅನುಭವ ಈಗ ಸಾಮಾನ್ಯ. ಹೊರಗಿನಿಂದ ಬಂದ ಫೈಲಿನ ಮ್ಯಾಕ್ರೊಗಳನ್ನು 2022ರಿಂದ ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಕಾರಣ ಇದೆ. ಫೈಲ್ ಅಳಿಸಬಲ್ಲ ಕೋಡ್ ಒಳ್ಳೆಯವರ ಕೈಯಲ್ಲಿ ಮಾತ್ರ ಇರುವುದಿಲ್ಲ. 1999ರಲ್ಲಿ ಜಗತ್ತಿನ ಮೇಲ್‌ಗಳನ್ನೆಲ್ಲ ಕಾಡಿದ ಮೆಲಿಸ್ಸಾ ವೈರಸ್ ಕೂಡ ಒಂದು ವರ್ಡ್ ಮ್ಯಾಕ್ರೊ. ಕಳಿಸಿದವರು ಯಾರು, ಒಳಗಿನ ಕೋಡ್ ಏನು ಅಂತ ಗೊತ್ತಿದ್ದರೆ ಮಾತ್ರ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ. ಎಲ್ಲ ಮ್ಯಾಕ್ರೊಗಳಿಗೂ ಬಾಗಿಲು ತೆರೆಯುವ ಸೆಟ್ಟಿಂಗ್ ಒಂದಿದೆ, ಅದನ್ನು ಮುಟ್ಟಲೇಬೇಡಿ. ನಿಮ್ಮದೇ ಫೋಲ್ಡರ್ ಒಂದನ್ನು ಟ್ರಸ್ಟೆಡ್ ಲೊಕೇಶನ್ ಮಾಡಿಕೊಂಡರೆ ಸಾಕು.

ಕೊನೆಗೆ ಜಾಗದ ವಿಷಯ. ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿಟ್ಟ ಪ್ರತಿ ಬೆರಳು ತಪ್ಪಿನಿಂದ ಕಾಪಾಡುತ್ತದೆ, ಮಳೆಯಿಂದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ತಗ್ಗಿನ ಜಾಗಗಳಲ್ಲಿ ನೆಲಮಹಡಿಗಳೆಲ್ಲ ಮುಳುಗಿದ್ದವು. ಹೋಟೆಲಿನ ಆಫೀಸ್ ಹೆಚ್ಚಾಗಿ ಇರುವುದೂ ನೆಲಮಹಡಿಯಲ್ಲೇ, ಅಡುಗೆಮನೆಯ ಪಕ್ಕದ ಮೂಲೆಯಲ್ಲಿ, ಸಿಪಿಯು ನೆಲದ ಮೇಲೆ. ಆದ್ದರಿಂದ ಸೇವ್‌ಕಾಪಿಆ್ಯಸ್ ಸಾಲು ಎರಡು ಇರಲಿ. ಒಂದು ಡಿ ಡ್ರೈವಿಗೆ, ಇನ್ನೊಂದು ಕ್ಲೌಡ್ ಜೊತೆ ತಾನೇ ಜೋಡಿಯಾಗುವ ಫೋಲ್ಡರಿಗೆ. ಫೋನಿನ ಎಕ್ಸೆಲ್‌ನಲ್ಲಿ, ಬ್ರೌಸರಿನ ಎಕ್ಸೆಲ್‌ನಲ್ಲಿ ವಿಬಿಎ ಮ್ಯಾಕ್ರೊ ಓಡುವುದಿಲ್ಲ. ಗೂಗಲ್ ಶೀಟ್ಸ್‌ಗಂತೂ ಬೇರೆಯೇ ಭಾಷೆ, ಆ್ಯಪ್ಸ್ ಸ್ಕ್ರಿಪ್ಟ್. ಆದರೂ ಮಾಲೀಕರು ಊರಿನಲ್ಲಿ ಕೂತು ಆ ಕ್ಲೌಡ್ ಪ್ರತಿಯನ್ನು ಫೋನಿನಲ್ಲಿ ತೆರೆದು ನಿನ್ನೆಯ ಗಲ್ಲಾ ಎಷ್ಟಾಯ್ತು ಅಂತ ನೋಡಬಹುದು, ಯಾರಿಗೂ ಫೋನ್ ಮಾಡದೆ.